ಅಂಗಡಿಯೊಳಗಿನ ಕ್ಲಿನಿಕ್: ಪರವಾನಗಿ ಯಾರಿಗೆ, ಹೊಣೆ ಯಾರದು?

(ಉಪನ್ಯಾಸವೊಂದರ ಲಿಖಿತ ರೂಪ)



ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ಭಾನುವಾರದ ಸಂಜೆಯನ್ನು ಕಲ್ಪಿಸಿಕೊಳ್ಳಿ. ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿರುವ ತಾಯಿಗೆ ಬೆಳಗಿನಿಂದ ಉರಿಮೂತ್ರ. ಹೇಳಿಕೊಳ್ಳಲು ತಾಯಿಗೆ ಸಂಕೋಚ; ಕೇಳಿದ ಮೇಲೆ ಮಗಳಿಗೆ ಗಾಬರಿ. ತಾಯಿಗೆ ಇರುವುದು ಪ್ರವಾಸಿ ವಿಮೆ. ಅದು ಏನನ್ನು ಭರಿಸುತ್ತದೆ, ಏನನ್ನು ಭರಿಸುವುದಿಲ್ಲ ಎಂಬುದು ಬಿಲ್ಲು ಬಂದ ಮೇಲಷ್ಟೇ ತಿಳಿಯುವ ರಹಸ್ಯ. ಕುಟುಂಬದ ವೈದ್ಯರ ಕಚೇರಿ ಸೋಮವಾರ ತೆರೆಯುತ್ತದೆ. ಹೊಸ ರೋಗಿಯೆಂದರೆ ವಾರಗಟ್ಟಲೆ ಕಾಯಬೇಕು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಬೆಂಗಳೂರಿಗೆ ಹೋಗಿಬರುವ ವಿಮಾನದ ಟಿಕೆಟ್ಟಿನಷ್ಟು ಬಿಲ್ಲು ಬಂದರೂ ಆಶ್ಚರ್ಯವಿಲ್ಲ. ಆಗ ಅಳಿಯನಿಗೆ ನೆನಪಾಗುವುದು ಎರಡು ಮೈಲಿ ದೂರದ ಔಷಧದಂಗಡಿ. ಶಾಂಪೂವಿನ ಸಾಲು, ಹುಟ್ಟುಹಬ್ಬದ ಕಾರ್ಡುಗಳ ಸಾಲು, ಚಿಪ್ಸ್ ಪೊಟ್ಟಣಗಳ ಸಾಲು ದಾಟಿದರೆ ಹಿಂಬದಿಯಲ್ಲೊಂದು ಪುಟ್ಟ ಕೋಣೆ. ಅಲ್ಲಿ ನರ್ಸ್ ಪ್ರಾಕ್ಟೀಷನರ್ ಒಬ್ಬರು ಮೂತ್ರ ಪರೀಕ್ಷಿಸಿ, ನಾಲ್ಕು ಪ್ರಶ್ನೆ ಕೇಳಿ, ಔಷಧದ ಚೀಟಿಯನ್ನು ಹತ್ತು ಹೆಜ್ಜೆ ಆಚೆಯ ಕೌಂಟರಿಗೆ ಕಳುಹಿಸುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಎಲ್ಲರೂ ಮನೆ ಸೇರುತ್ತಾರೆ. ತಾಯಿ ಮೊಬೈಲಿನಲ್ಲಿ ಊರಿಗೆ ಹೇಳುತ್ತಾರೆ: ಇಲ್ಲಿಯೂ ಮೆಡಿಕಲ್ ಶಾಪಿನಲ್ಲೇ ಡಾಕ್ಟರು ಕೂರುತ್ತಾರೆ ಕಣೇ.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಬಿಡಿಸಿ ನೋಡಬೇಕಾಗಿದೆ.

ಈ ಕೋಣೆಯ ಬಗ್ಗೆ ಪ್ರಗತಿಪರ ವಲಯದಲ್ಲಿ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಆರೋಗ್ಯವನ್ನು ಸರಕಾಗಿಸಿದ ಬಂಡವಾಳದ ಇನ್ನೊಂದು ಮುಖ ಇದು ಎನ್ನುವುದು ಒಂದು. ವೈದ್ಯರ ಏಕಸ್ವಾಮ್ಯ ಮುರಿದು ಜನರಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ಸಿಗುವಾಗ ಅಡ್ಡಗಾಲು ಹಾಕುವುದೇಕೆ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಎರಡೂ ಒಂದು ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುತ್ತವೆ. ಪ್ರಭುತ್ವವು ಈ ಕೋಣೆಗೆ ಪರವಾನಗಿ ಕೊಡುವಾಗ ವ್ಯಾಪಾರಿಯಿಂದ ಏನನ್ನು ಕೇಳಿ ಪಡೆಯಿತು, ಏನನ್ನು ಕೇಳುವುದನ್ನೇ ಮರೆಯಿತು?

*

ಕಥೆ ಆರಂಭವಾಗುವುದು 2000ರಲ್ಲಿ, ಮಿನ್ನೆಸೋಟಾದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗಳ ದಿನಸಿ ಮಳಿಗೆಗಳಲ್ಲಿ. ಮಗನ ಗಂಟಲುನೋವಿಗೆ ವಾರಾಂತ್ಯದಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿ ಬಂದ ರಿಕ್ ಕ್ರೀಗರ್ ಎಂಬ ಉದ್ಯಮಿ ತನ್ನ ಜೊತೆಗಾರರೊಡನೆ ಕ್ವಿಕ್‌ಮೆಡೆಕ್ಸ್ ಎಂಬ ಕಿರು ಕ್ಲಿನಿಕ್ಕುಗಳನ್ನು ಕಬ್ ಫುಡ್ಸ್ ಅಂಗಡಿಗಳಲ್ಲಿ ತೆರೆದ. ಗಂಟಲುಬೇನೆ, ಕಿವಿನೋವು ಮುಂತಾದ ಬೆರಳೆಣಿಕೆಯ ಕಾಯಿಲೆಗಳಿಗೆ ಮಾತ್ರ ಚಿಕಿತ್ಸೆ. ನಗದು ಪಾವತಿ, 35 ಡಾಲರ್. ವಿಮೆಯ ಗೊಡವೆಯಿಲ್ಲ. ಇದೇ ಮುಂದೆ ಮಿನಿಟ್‌ಕ್ಲಿನಿಕ್ ಎಂಬ ಹೆಸರು ಪಡೆಯಿತು. 2006ರಲ್ಲಿ ಸಿವಿಎಸ್ ಕಂಪನಿ ಅದನ್ನು ಕೊಂಡಿತು. ಮರುವರ್ಷ ವಾಲ್‌ಗ್ರೀನ್ಸ್ ಕಂಪನಿ ಇಂಥದೇ ಇನ್ನೊಂದು ಸರಣಿಯನ್ನು ಕೊಂಡಿತು. ದಿನಸಿ ಅಂಗಡಿಯ ಮೂಲೆಯಲ್ಲಿ ಹುಟ್ಟಿದ ಒಂದು ಉಪಾಯ ಆರೇಳು ವರ್ಷಗಳಲ್ಲಿ ದೇಶದ ಅತಿ ದೊಡ್ಡ ಔಷಧ ವ್ಯಾಪಾರಿಗಳ ಕೈಸೇರಿತು.

ಆ ಕ್ಲಿನಿಕ್ಕುಗಳ ಗೋಡೆಯ ಮೇಲೆ, ದರ್ಶಿನಿ ಹೋಟೆಲಿನ ತಿಂಡಿಪಟ್ಟಿಯ ಹಾಗೆ, ಚಿಕಿತ್ಸೆಗಳ ದರಪಟ್ಟಿ ಇರುತ್ತಿತ್ತು. ಇದೊಂದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಅಮೆರಿಕದಲ್ಲಿ ವೈದ್ಯರ ಬಳಿ ಹೋಗುವ ಮೊದಲೇ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯುವುದು ಅಂದಿಗೂ ಇಂದಿಗೂ ಅಪರೂಪ. ಕರ್ನಾಟಕದಿಂದ ಬಂದವರಿಗೆ ಇಲ್ಲೊಂದು ವ್ಯಂಗ್ಯ ಹೊಳೆಯದಿರದು. ಅಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು ದರಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕೆಂದು ವಿಧಿಸಿತು. ಅದನ್ನು ಬಿಗಿಗೊಳಿಸಲು 2017ರಲ್ಲಿ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆಯ ಹಲವು ಅಂಶಗಳು ಸಡಿಲಗೊಂಡವು. ಅಲ್ಲಿ ಪ್ರಭುತ್ವ ಬೇಡಿದರೂ ಪೂರ್ತಿ ದಕ್ಕದ ದರಪಟ್ಟಿಯನ್ನು ಇಲ್ಲಿ ವ್ಯಾಪಾರಿ ಕೇಳದೆಯೇ ತೂಗುಹಾಕಿದ; ಗಿರಾಕಿಯನ್ನು ಸೆಳೆಯುವುದಕ್ಕೆ. ಯಾರ ಉದ್ದೇಶದಿಂದ ಬಂದರೂ ಪಾರದರ್ಶಕತೆ ಪಾರದರ್ಶಕತೆಯೇ ಎಂಬುದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಈ ಕ್ಲಿನಿಕ್ಕುಗಳು ಸಾಧ್ಯವಾದದ್ದು ವ್ಯಾಪಾರಿಯ ಜಾಣತನದಿಂದ ಮಾತ್ರವಲ್ಲ, ದುಡಿಯುವ ಮಹಿಳೆಯರ ಒಂದು ಹೊಸ ವೃತ್ತಿಯಿಂದ. ನರ್ಸ್ ಪ್ರಾಕ್ಟೀಷನರ್ ಎಂಬ ವೃತ್ತಿಗೆ ಮೊದಲ ತರಬೇತಿ ಕೊಲರಾಡೊದಲ್ಲಿ ಆರಂಭವಾದದ್ದು 1965ರಲ್ಲಿ. ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಅದರ ಪ್ರವರ್ತಕರು. ವೈದ್ಯರು ತಲುಪದ ಕಡೆಗೆ ಮಕ್ಕಳ ಆರೈಕೆಯನ್ನು ಒಯ್ಯುವುದು ಅವರ ಆಶಯವಾಗಿತ್ತು. 1965 ಎಂಬ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಕಾನೂನಾದದ್ದು ಆ ವರ್ಷವೇ. ಏಷ್ಯಾದವರಿಗೆ ಬಾಗಿಲು ತೆರೆದ ವಲಸೆ ಕಾಯ್ದೆಗೆ ಸಹಿ ಬಿದ್ದದ್ದೂ ಆ ವರ್ಷವೇ. ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಕಲಿತ ವೈದ್ಯರು ಇಲ್ಲಿನ ಆಸ್ಪತ್ರೆಗಳಿಗೆ ಬರುವಂತಾದದ್ದು ಈ ಎರಡೂ ಕಾನೂನುಗಳ ಫಲ: ಒಂದು ಅವರಿಗೆ ವೀಸಾ ಕೊಟ್ಟಿತು, ಇನ್ನೊಂದು ಅವರಿಗೆ ರೋಗಿಗಳನ್ನು ಕೊಟ್ಟಿತು. ಹಾಗಾಗಿ ಅಂಗಡಿ ಕ್ಲಿನಿಕ್ಕುಗಳ ಜಗಳ ಶುರುವಾದಾಗ ಕನ್ನಡ ಕುಟುಂಬಗಳೊಳಗೇ ಎರಡು ಪಕ್ಷಗಳಿದ್ದರೆ ಅಚ್ಚರಿಯಿಲ್ಲ. ಅಣ್ಣ ವೈದ್ಯ, ಅವನ ಕಸುಬಿಗೆ ಕುತ್ತು. ತಮ್ಮ ಸಾಫ್ಟ್‌ವೇರ್ ಗುತ್ತಿಗೆಯವ, ಅವನ ವಿಮೆಗೆ ಸಾವಿರಾರು ಡಾಲರ್ ಕೈಯಿಂದ ಕಟ್ಟಿದ ಮೇಲೆ ಮಾತ್ರ ಎಚ್ಚರ.

ವೈದ್ಯರ ಸಂಘಗಳ ವಿರೋಧದಲ್ಲಿ ನ್ಯಾಯವೂ ಸ್ವಾರ್ಥವೂ ಬೆರೆತಿದ್ದವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2006ರಲ್ಲೇ ಈ ಕ್ಲಿನಿಕ್ಕುಗಳನ್ನು ವಿರೋಧಿಸಿತು, 2014ರಲ್ಲಿ ಮತ್ತೆ ಅದನ್ನೇ ಹೇಳಿತು. ಮಗುವಿನ ಆರೋಗ್ಯವನ್ನು ಹುಟ್ಟಿನಿಂದ ಒಬ್ಬರೇ ಗಮನಿಸುತ್ತಾ ಬಂದರೆ ಕಿವಿನೋವಿನ ಹಿಂದಿನ ಮಾತು ತಡವಾಗುವಿಕೆಯನ್ನೂ ಅವರು ಕಾಣಬಲ್ಲರು, ಅಂಗಡಿಯಲ್ಲಿ ಕಿವಿ ಮಾತ್ರ ಕಾಣುತ್ತದೆ ಎಂಬ ಬಗೆಯ ವಾದವನ್ನು ತಳ್ಳಿಹಾಕಲಾಗದು. ಅಮೆರಿಕನ್ ವೈದ್ಯಕೀಯ ಸಂಘ 2007ರಲ್ಲಿ ಬೇರೆ ನೆಲೆಯಿಂದ ಪ್ರಶ್ನೆಯೆತ್ತಿತು: ಔಷಧ ಬರೆಯುವವರೂ ಔಷಧ ಮಾರುವವರೂ ಒಂದೇ ಕಂಪನಿಯಾದರೆ ಹಿತಾಸಕ್ತಿಗಳ ಘರ್ಷಣೆ ಇಲ್ಲವೆ, ಇದನ್ನು ತನಿಖೆ ಮಾಡಿ ಎಂದಿತು. ಮಾಲೀಕನ ಹಿತಾಸಕ್ತಿಯ ಬಗ್ಗೆ ವೈದ್ಯರ ಸಂಶಯ ಸರಿ. ನರ್ಸ್ ಪ್ರಾಕ್ಟೀಷನರ್‌ಗಳ ಸಾಮರ್ಥ್ಯದ ಬಗ್ಗೆ ಅವರಲ್ಲಿ ಹಲವರ ಸಂಶಯ ತಪ್ಪು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಮೊದಲನೆಯದರ ತೂಕ ಕಡಿಮೆಯಾಯಿತು.

*

ಕಂಪನಿಗಳು ವೈದ್ಯವೃತ್ತಿ ನಡೆಸಕೂಡದು ಎಂಬ ಹಳೆಯ ತತ್ವ ಅಮೆರಿಕದ ಅನೇಕ ರಾಜ್ಯಗಳಲ್ಲಿದೆ. ರೋಗಿಯ ಎದುರು ನಿಂತವನ ನಿಷ್ಠೆ ರೋಗಿಗೆ ಇರಬೇಕು, ಷೇರುದಾರನಿಗಲ್ಲ ಎಂಬುದು ಅದರ ತಿರುಳು. ಕಾಗದದ ಮೇಲೆ ನೋಡಿದರೆ ಅಂಗಡಿ ಕ್ಲಿನಿಕ್ಕುಗಳನ್ನು ತಡೆಯಲು ಇದೊಂದೇ ಸಾಕಿತ್ತು. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಪರಿಹಾರ ಬೇಗ ಸಿಕ್ಕಿತು: ಕ್ಲಿನಿಕ್ಕು ವೈದ್ಯರೊಬ್ಬರ ಹೆಸರಿನ ವೃತ್ತಿಸಂಸ್ಥೆಗೆ ಸೇರಿದ್ದು, ಕೋಣೆ, ಕಂಪ್ಯೂಟರು, ಬಿಲ್ಲು, ಜಾಹೀರಾತು ಎಲ್ಲವನ್ನೂ ಒಪ್ಪಂದದ ಮೇರೆಗೆ ಕಂಪನಿ ಒದಗಿಸುತ್ತದೆ. ಪಹಣಿಯಲ್ಲಿ ಒಬ್ಬನ ಹೆಸರು, ಫಸಲು ಇನ್ನೊಬ್ಬನ ಮನೆಗೆ ಎಂಬುದನ್ನು ಕರ್ನಾಟಕದ ಹಳ್ಳಿಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಇದು ಪೂರ್ತಿ ಕಾನೂನುಬದ್ಧ. ನ್ಯೂಯಾರ್ಕ್ ರಾಜ್ಯ ಮಾತ್ರ ಗಟ್ಟಿಯಾಗಿ ನಿಂತಿತು. ಕಂಪನಿಗಳಿಗೆ ಸೀಮಿತ ಸೇವೆಯ ಕ್ಲಿನಿಕ್ಕು ತೆರೆಯಲು ಅನುಮತಿ ಕೊಡುವ ಪ್ರಸ್ತಾವವನ್ನು 2014ರಿಂದ ರಾಜ್ಯಪಾಲರ ಮುಂಗಡಪತ್ರಗಳಲ್ಲಿ ಮತ್ತೆ ಮತ್ತೆ ತಂದರೂ ಶಾಸಕಾಂಗ ಅದನ್ನು ಕೈಬಿಡುತ್ತಾ ಬಂದಿತು.

ಆದರೆ ಈ ವಿಷಯದಲ್ಲಿ ನಿಜವಾಗಿ ಅಧ್ಯಯನಯೋಗ್ಯವಾದ ರಾಜ್ಯ ಮ್ಯಾಸಚೂಸೆಟ್ಸ್. ಏಕೆಂದರೆ ಅಲ್ಲಿ ನಿಷೇಧಿಸಲಿಲ್ಲ, ಕಣ್ಣುಮುಚ್ಚಿ ಬಿಡಲೂ ಇಲ್ಲ. ಕೂತು ನಿಯಮ ಬರೆದರು.

2006ರಲ್ಲಿ ಆ ರಾಜ್ಯ ಬಹುತೇಕ ಎಲ್ಲ ವಯಸ್ಕ ನಿವಾಸಿಗಳಿಗೂ ಆರೋಗ್ಯ ವಿಮೆ ಕಡ್ಡಾಯವೆಂಬ ಪ್ರಸಿದ್ಧ ಕಾನೂನನ್ನು ತಂದಿತು. ವಿಮೆಯ ಕಾರ್ಡು ಕೈಗೆ ಬಂದ ಜನ ವೈದ್ಯರಿಗೆ ಕರೆ ಮಾಡಿದರು, ವೈದ್ಯರು ಸಿಗಲಿಲ್ಲ. ಇಂಥ ಸಮಯದಲ್ಲಿ, 2007ರಲ್ಲಿ, ಸಿವಿಎಸ್ ಕಂಪನಿ ಬಾಸ್ಟನ್ ಬಳಿಯ ವೇಮತ್ ಎಂಬ ಊರಿನ ತನ್ನ ಅಂಗಡಿಯಲ್ಲಿ ಕ್ಲಿನಿಕ್ಕು ತೆರೆಯಲು ಅರ್ಜಿ ಹಾಕಿತು. ತೊಡಕು ಬಂದದ್ದು ದೊಡ್ಡ ತತ್ವದಿಂದಲ್ಲ, ನೆಲ ಗೋಡೆಗಳಿಂದ. ರಾಜ್ಯದ ಕ್ಲಿನಿಕ್ ನಿಯಮಾವಳಿಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ತನ್ನದೇ ಬಾಗಿಲು, ತನ್ನದೇ ಕಾಯುವ ಕೊಠಡಿ ಇರುವ ಪೂರ್ಣ ಪ್ರಮಾಣದ ವೈದ್ಯಶಾಲೆ. ಅಂಗಡಿಯ ಮೂಲೆಗೆ ಆ ಅಳತೆ ಹೊಂದುತ್ತಿರಲಿಲ್ಲ. ಕಂಪನಿ ವಿನಾಯಿತಿಗಳನ್ನು ಕೋರಿತು.

ಇಲ್ಲಿ ರಾಜ್ಯದ ಅಧಿಕಾರಿಗಳು ತೆಗೆದುಕೊಂಡ ತೀರ್ಮಾನವನ್ನು ಮೆಚ್ಚಬೇಕು. ಒಂದೊಂದು ಅರ್ಜಿಗೆ ಒಂದೊಂದು ವಿನಾಯಿತಿ ಕೊಡುತ್ತಾ ಹೋಗುವುದು ಸುಲಭದ ದಾರಿ. ಪ್ರಭಾವವಿದ್ದವರಿಗೆ ಪ್ರಿಯವಾದ ದಾರಿಯೂ ಹೌದು. ಅದನ್ನು ಬಿಟ್ಟು, ಜಾನ್ ಔರ್‌ಬಾಕ್ ಅವರು ಆಯುಕ್ತರಾಗಿದ್ದ ಸಾರ್ವಜನಿಕ ಆರೋಗ್ಯ ಇಲಾಖೆ ‘ಸೀಮಿತ ಸೇವೆಯ ಕ್ಲಿನಿಕ್’ ಎಂಬ ಹೊಸ ವರ್ಗವನ್ನೇ ರಚಿಸಿತು, ಎಲ್ಲರಿಗೂ ಒಂದೇ ನಿಯಮ ಎಂದಿತು. ಸಾರ್ವಜನಿಕ ವಿಚಾರಣೆ ನಡೆಸಿತು. 2008ರ ಜನವರಿಯಲ್ಲಿ ರಾಜ್ಯದ ಸಾರ್ವಜನಿಕ ಆರೋಗ್ಯ ಮಂಡಳಿ ಆ ನಿಯಮಾವಳಿಯನ್ನು ಅಂಗೀಕರಿಸಿತು.

ಆ ನಿಯಮಗಳನ್ನು ಓದಿದರೆ ಅವುಗಳ ಹಿಂದಿನ ಭಯಗಳೂ ಕಾಣುತ್ತವೆ. ಎರಡು ವರ್ಷ ತುಂಬದ ಮಕ್ಕಳಿಗೆ ಚಿಕಿತ್ಸೆ ಕೊಡುವಂತಿಲ್ಲ. ಫ್ಲೂ ಲಸಿಕೆಯ ಹೊರತು ಮಕ್ಕಳ ಲಸಿಕೆಗಳನ್ನು ಹಾಕುವಂತಿಲ್ಲ. ಲಸಿಕೆಗೆಂದು ಬರುವ ನೆಪದಲ್ಲಾದರೂ ಮಗು ತನ್ನ ವೈದ್ಯರ ಮುಂದೆ ನಿಲ್ಲಲಿ ಎಂಬ ಲೆಕ್ಕಾಚಾರ ಅದರಲ್ಲಿದೆ. ಒಬ್ಬನೇ ರೋಗಿ ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಗುರುತಿಸಿ ಮಿತಿ ಹಾಕುವ ಕ್ರಮ ಇರಬೇಕು. ಸ್ವಂತ ವೈದ್ಯರಿಲ್ಲದವರಿಗೆ ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿರುವ ಹತ್ತಿರದ ವೈದ್ಯರ ಪಟ್ಟಿಯನ್ನು ಕೊಡಬೇಕು. ವೈದ್ಯರಿದ್ದವರ ಚಿಕಿತ್ಸೆಯ ವಿವರ, ರೋಗಿ ಒಪ್ಪಿದರೆ, ಆ ವೈದ್ಯರಿಗೆ ತಲುಪಬೇಕು. ಒಟ್ಟಿನಲ್ಲಿ ಈ ಕೋಣೆ ವೈದ್ಯರ ಬದಲಿಯಲ್ಲ, ವೈದ್ಯರ ಬಳಿಗೆ ಹೋಗುವ ದಾರಿಯಲ್ಲಿನ ಒಂದು ಅರವಟಿಗೆ ಎಂಬಂತೆ ನಿಯಮಗಳು ಅದನ್ನು ಕಲ್ಪಿಸಿಕೊಂಡವು.

ಬಾಸ್ಟನ್ನಿನ ಮೇಯರ್ ಥಾಮಸ್ ಮೆನೀನೊ ಇದನ್ನು ಬಲವಾಗಿ ವಿರೋಧಿಸಿದರು. ಕಾಯಿಲೆಯವರಿಂದ ಲಾಭ ಗಳಿಸಲು ಚಿಲ್ಲರೆ ವ್ಯಾಪಾರಿಗಳಿಗೆ ಅವಕಾಶ ಕೊಡುವುದೇ ತಪ್ಪು, ಚಿಕಿತ್ಸೆಯ ಗುಣಮಟ್ಟವೂ ಶುಚಿತ್ವವೂ ಹಾಳಾಗುತ್ತವೆ ಎಂಬುದು ಅವರ ನಿಲುವಾಗಿತ್ತು. ಮಂಡಳಿ ಅವರ ಮಾತನ್ನು ಒಪ್ಪಲಿಲ್ಲ. ಅದೇ ವರ್ಷ ಮೆಡ್ವೇ ಎಂಬ ಸಣ್ಣ ಊರಿನಲ್ಲಿ ರಾಜ್ಯದ ಮೊದಲ ಮಿನಿಟ್‌ಕ್ಲಿನಿಕ್ ತೆರೆಯಿತು. 2012ರ ಇನ್ನೊಂದು ಕಾನೂನು ಇಂಥ ಕ್ಲಿನಿಕ್ಕುಗಳಿಗೆ ಹಾಕಿದ್ದ ಬೇಲಿಯನ್ನು ಸ್ವಲ್ಪ ಸಡಿಲಿಸಿತು.

ಒಂದು ಉಪಕಥೆಯನ್ನು ಇಲ್ಲೇ ಹೇಳಿಬಿಡುವುದು ಮೇಲು. ಚಿಕಿತ್ಸೆ ಕೊಡುವ ಅಂಗಡಿಯೇ ಸಿಗರೇಟು ಮಾರುವುದು ಹೇಗೆ ಎಂಬ ಪ್ರಶ್ನೆ ಆಗ ಎಲ್ಲೆಡೆ ಕೇಳಿಬಂತು. ಇಲಿನಾಯ್ ರಾಜ್ಯದಲ್ಲಿ 2008ರ ಮಸೂದೆಯೊಂದು ತಂಬಾಕು ಅಥವಾ ಮದ್ಯ ಮಾರುವ ಅಂಗಡಿಯಲ್ಲಿ ಕ್ಲಿನಿಕ್ಕು ಇರಕೂಡದು ಎಂದಿತು, ಅವುಗಳ ಜಾಹೀರಾತಿಗೂ ಕಡಿವಾಣ ಹಾಕಲು ಹೊರಟಿತು. ಫೆಡರಲ್ ವ್ಯಾಪಾರ ಆಯೋಗದ ಸಿಬ್ಬಂದಿ ಪತ್ರ ಬರೆದು ಇದು ಪೈಪೋಟಿಗೆ ವಿರುದ್ಧವೆಂದು ಆಕ್ಷೇಪಿಸಿದರು. ಮ್ಯಾಸಚೂಸೆಟ್ಸಿಗೂ ಹಿಂದಿನ ವರ್ಷ ಅವರು ಪತ್ರ ಬರೆದು, ಕ್ಲಿನಿಕ್ಕುಗಳ ಜಾಹೀರಾತನ್ನು ಇಲಾಖೆ ಮೊದಲೇ ಪರಿಶೀಲಿಸಬೇಕೆಂಬ ಅಂಶವನ್ನು ಕೈಬಿಡಿ ಎಂದಿದ್ದರು. ಬಾಸ್ಟನ್ ನಗರ ಬೇರೆ ಹಾದಿ ಹಿಡಿಯಿತು. ಕ್ಲಿನಿಕ್ಕಿನ ತಂಟೆಗೆ ಹೋಗದೆ, 2008ರ ಕೊನೆಯಲ್ಲಿ, ಔಷಧದಂಗಡಿಗಳಲ್ಲಿ ತಂಬಾಕು ಮಾರಾಟವನ್ನೇ ನಿಷೇಧಿಸಿತು. ಸಿವಿಎಸ್ ಕಂಪನಿ ದೇಶದಾದ್ಯಂತ ಸಿಗರೇಟು ಮಾರುವುದನ್ನು ನಿಲ್ಲಿಸಿದ್ದು 2014ರಲ್ಲಿ. ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವಹಿವಾಟನ್ನು ಬಿಟ್ಟುಕೊಟ್ಟೆವೆಂದು ಅದು ಘೋಷಿಸಿದಾಗ ಬಂದ ಶ್ಲಾಘನೆಯ ಸದ್ದಿನಲ್ಲಿ, ಆರು ವರ್ಷ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬಾಸ್ಟನ್ ನಗರಗಳು ಅದನ್ನು ಕಾನೂನಾಗಿಸಿದ್ದವು ಎಂಬುದು ಯಾರಿಗೂ ನೆನಪಿರಲಿಲ್ಲ. 2018ರಲ್ಲಿ ಮ್ಯಾಸಚೂಸೆಟ್ಸ್ ಇಡೀ ರಾಜ್ಯಕ್ಕೆ ಆ ನಿಷೇಧವನ್ನು ವಿಸ್ತರಿಸಿತು.

*

ಹಾಗಾದರೆ ಭಯಪಟ್ಟವರು ಸರಿಯೋ, ಭರವಸೆಯಿಟ್ಟವರು ಸರಿಯೋ? ಸಂಶೋಧನೆಗಳು ಇಬ್ಬರಿಗೂ ಪೂರ್ತಿ ಸಮಾಧಾನ ಕೊಡುವುದಿಲ್ಲ.

ಗುಣಮಟ್ಟದ ಭಯ ಬಹುಮಟ್ಟಿಗೆ ಸುಳ್ಳಾಯಿತು. ಅತೀವ್ ಮೆಹ್ರೋತ್ರ ಮತ್ತು ಸಂಗಡಿಗರು ಮಿನ್ನೆಸೋಟಾದ ವಿಮಾ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿವಿನೋವು, ಗಂಟಲುನೋವು, ಮೂತ್ರನಾಳದ ಸೋಂಕು ಈ ಮೂರಕ್ಕೆ ಅಂಗಡಿ ಕ್ಲಿನಿಕ್ಕಿನ ಚಿಕಿತ್ಸೆ ವೈದ್ಯರ ಕಚೇರಿಯದಕ್ಕೆ ಕಡಿಮೆಯೇನಿರಲಿಲ್ಲ. ವೆಚ್ಚದಲ್ಲಿ ಮಾತ್ರ ಅಜಗಜಾಂತರ: ಕ್ಲಿನಿಕ್ಕಿನಲ್ಲಿ 110 ಡಾಲರ್, ವೈದ್ಯರ ಕಚೇರಿಯಲ್ಲಿ 166, ತುರ್ತು ವಿಭಾಗದಲ್ಲಿ 570.

ಉಳಿತಾಯದ ಭರವಸೆಯೂ ಅಷ್ಟೇ ಮಟ್ಟಿಗೆ ಸುಳ್ಳಾಯಿತು. 2016ರ ಇನ್ನೊಂದು ಅಧ್ಯಯನ ಒಂದು ದೊಡ್ಡ ವಿಮಾ ಕಂಪನಿಯ ದಾಖಲೆಗಳನ್ನು ಪರಿಶೀಲಿಸಿ, ಸಣ್ಣಪುಟ್ಟ ಕಾಯಿಲೆಗಳಿಗಾಗಿ ಈ ಕ್ಲಿನಿಕ್ಕುಗಳಿಗೆ ಬಂದವರ ಭೇಟಿಗಳಲ್ಲಿ 58 ಪ್ರತಿಶತ ‘ಹೊಸ ಬಳಕೆ’ ಎಂದಿತು. ಅಂದರೆ ಕ್ಲಿನಿಕ್ಕು ಇಲ್ಲದಿದ್ದರೆ ಆ ಭೇಟಿಗಳೇ ಆಗುತ್ತಿರಲಿಲ್ಲ. ವೆಚ್ಚ ಇಳಿಯುವ ಬದಲು ತಲೆಗೆ ವರ್ಷಕ್ಕೆ 14 ಡಾಲರ್ ಏರಿತು. ಅರ್ಥಶಾಸ್ತ್ರದ ಈ ‘ಹೊಸ ಬಳಕೆ’ ಎಂಬ ಮಾತನ್ನು ಹುಷಾರಾಗಿ ಹಿಡಿಯಬೇಕು. ನೆಗಡಿಗೆ ಓಡಿಬಂದವನೂ ಅದರಲ್ಲಿದ್ದಾನೆ. ಸಂಕೋಚಪಟ್ಟು, ಖರ್ಚಿಗೆ ಹೆದರಿ, ನೀರು ಕುಡಿದುಕೊಂಡು ನೋವು ನುಂಗುತ್ತಿದ್ದ ತಾಯಿಯೂ ಅದರಲ್ಲೇ ಇದ್ದಾಳೆ. ವಿಮಾ ಕಂಪನಿಯ ಲೆಕ್ಕದಲ್ಲಿ ಇಬ್ಬರೂ ಒಂದೇ ಸಾಲು.

ಇನ್ನು ಈ ಕ್ಲಿನಿಕ್ಕುಗಳು ಎಲ್ಲಿ ತೆರೆದವು? ವಿಮೆಯಿಲ್ಲದವರಿಗೆ, ವೈದ್ಯರಿಲ್ಲದ ಬಡಾವಣೆಗಳಿಗೆ ಇವು ವರದಾನ ಎಂಬ ಮಾತು ಪ್ರತಿ ರಾಜ್ಯದ ವಿಚಾರಣೆಯಲ್ಲೂ ಕೇಳಿಬರುತ್ತಿತ್ತು. ಪೊಲಾಕ್ ಮತ್ತು ಆರ್ಮ್‌ಸ್ಟ್ರಾಂಗ್ ಎಂಬ ಸಂಶೋಧಕರು 2009ರಲ್ಲಿ ಜನಗಣತಿಯ ಟ್ರ್ಯಾಕ್ಟುಗಳ ಮೇಲೆ ಕ್ಲಿನಿಕ್ಕುಗಳನ್ನು ಗುರುತು ಮಾಡಿ ನೋಡಿದಾಗ ಅವು ಹೆಚ್ಚಾಗಿ ಇದ್ದದ್ದು ವರಮಾನ ಹೆಚ್ಚಿರುವ, ಬಡತನ ಕಡಿಮೆಯಿರುವ, ಕಪ್ಪು ಜನರ ಪ್ರಮಾಣ ಕಡಿಮೆಯಿರುವ ಪ್ರದೇಶಗಳಲ್ಲಿ. ಇದರಲ್ಲಿ ಸಂಚೇನೂ ಇಲ್ಲ. ಅಂಗಡಿ ಎಲ್ಲಿ ಲಾಭ ಕಾಣುತ್ತದೋ ಅಲ್ಲಿ ಕ್ಲಿನಿಕ್ಕು. ಕನ್ನಡಿಗರು ಹೆಚ್ಚಾಗಿ ಮನೆ ಮಾಡುವ ಉಪನಗರಗಳು ಕೂಡ ಅಂಥವೇ. ಆ ಭಾನುವಾರದ ಸಂಜೆಯ ಕುಟುಂಬಕ್ಕೆ ಎರಡು ಮೈಲಿಯಲ್ಲಿ ಕೋಣೆ ಸಿಕ್ಕಿದ್ದು ಅದೃಷ್ಟದಿಂದಲ್ಲ, ಪಿನ್‌ಕೋಡಿನಿಂದ.

ಇಲ್ಲಿಗೆ ಪರವಾನಗಿಯ ಪ್ರಶ್ನೆ ತನ್ನ ನಿಜರೂಪದಲ್ಲಿ ಎದುರಾಗುತ್ತದೆ. ಮ್ಯಾಸಚೂಸೆಟ್ಸಿನ ನಿಯಮಗಳು ಕೋಣೆಯ ಒಳಗೆ ಏನು ನಡೆಯಬೇಕು ಎಂಬುದನ್ನು ಕಾಳಜಿಯಿಂದ ಬರೆದವು. ಕೋಣೆ ಎಲ್ಲಿರಬೇಕು, ಯಾರನ್ನು ಹಿಂದಕ್ಕೆ ಕಳುಹಿಸಕೂಡದು, ಎಷ್ಟು ಕಾಲ ತೆರೆದಿರಬೇಕು ಎಂಬ ಮೂರು ಮಾತುಗಳಿಗೆ ಅಂಥ ಕಾಳಜಿ ಒದಗಲಿಲ್ಲ. ಬೇರೆ ರಾಜ್ಯಗಳಲ್ಲಿ ಇನ್ನೂ ಕಡಿಮೆ. ಹೋಲಿಕೆಗೆ ಆಸ್ಪತ್ರೆಯನ್ನು ನೋಡಬಹುದು. 1986ರ ಫೆಡರಲ್ ಕಾನೂನಿನ ಪ್ರಕಾರ ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಯಾರನ್ನೇ ಆಗಲಿ, ಹಣವಿರಲಿ ಬಿಡಲಿ, ವೀಸಾ ಇರಲಿ ಬಿಡಲಿ, ಪರೀಕ್ಷಿಸದೆ ಕಳುಹಿಸುವಂತಿಲ್ಲ. ಆ ಹೊಣೆಯ ವೆಚ್ಚವೂ 570 ಡಾಲರಿನೊಳಗೆ ಸೇರಿದೆ. 110 ಡಾಲರಿನ ಕೋಣೆಗೆ ಆ ಹೊಣೆಯಿಲ್ಲ. ದರಗಳನ್ನು ಹೋಲಿಸುವಾಗ ಹೊಣೆಗಳನ್ನೂ ಹೋಲಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಆ ಮೂರನೆಯ ಮಾತಿಗೆ ಉತ್ತರ 2024ರಲ್ಲಿ ಬಂತು. ವಾಲ್‌ಮಾರ್ಟ್ ಕಂಪನಿ 2019ರಲ್ಲಿ ಜಾರ್ಜಿಯಾ ರಾಜ್ಯದ ಡಲ್ಲಾಸ್ ಎಂಬ ಊರಿನಲ್ಲಿ ತನ್ನ ಮೊದಲ ಆರೋಗ್ಯ ಕೇಂದ್ರ ತೆರೆದಿತ್ತು. ಅದು ಪುಟ್ಟ ಕೋಣೆಯಲ್ಲ. ಹಲ್ಲಿನ ಚಿಕಿತ್ಸೆ, ಎಕ್ಸ್‌ರೇ, ಆಪ್ತಸಲಹೆ ಎಲ್ಲ ಇದ್ದ ದೊಡ್ಡ ವ್ಯವಸ್ಥೆ, ಮತ್ತು ಅಂಗಡಿ ಕ್ಲಿನಿಕ್ಕು ಬಡವರನ್ನು ತಲುಪಬಲ್ಲದು ಎಂಬುದಕ್ಕೆ ಅತ್ಯುತ್ತಮ ನಿದರ್ಶನವೆಂದು ಹಲವರು ನಂಬಿದ್ದ ಪ್ರಯೋಗ. ಐದು ವರ್ಷ ತುಂಬುವ ಮೊದಲೇ, 2024ರ ಏಪ್ರಿಲ್ ಕೊನೆಯ ದಿನ, ಐದು ರಾಜ್ಯಗಳ 51 ಕೇಂದ್ರಗಳನ್ನೂ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ವಿಮೆಯಿಂದ ಬರುವ ಹಣ ಸಾಲದು, ಖರ್ಚು ಏರುತ್ತಿದೆ ಎಂಬುದು ಕೊಟ್ಟ ಕಾರಣ. ಸಿವಿಎಸ್ ಕೂಡ ಅದೇ ವರ್ಷ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ನ್ಯೂ ಇಂಗ್ಲೆಂಡಿನಲ್ಲಿ ಹತ್ತಾರು ಮಿನಿಟ್‌ಕ್ಲಿನಿಕ್ಕುಗಳನ್ನು ಮುಚ್ಚಿತು. ಇವರಲ್ಲಿ ಯಾರೂ ಕಾನೂನು ಮುರಿಯಲಿಲ್ಲ. ಹಳೆಯ ಸರಕಿನ ಕಪಾಟನ್ನು ತೆರವು ಮಾಡಿದಂತೆ ತೆರವು ಮಾಡಿದರು. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಅಲ್ಲಿಗೇ ಹೋಗುವುದನ್ನು ರೂಢಿ ಮಾಡಿಕೊಂಡಿದ್ದವರು ಮತ್ತೆ ಪಟ್ಟಿ ಹಿಡಿದು ಫೋನು ಮಾಡತೊಡಗಿದರು.

*

ಲಾಭದ ಲೆಕ್ಕ ಬಿಟ್ಟು ಇದನ್ನು ನಡೆಸಲು ಸಾಧ್ಯವೆ ಎಂದು ಕೇಳುವವರಿಗೆ ಬಾಸ್ಟನ್ನಿನಲ್ಲೇ ಒಂದು ಹಳೆಯ ಉದಾಹರಣೆಯಿದೆ. ಮತ್ತೆ 1965. ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ ಎಂಬ ಇಬ್ಬರು ವೈದ್ಯರು ನಗರದ ಡಾರ್ಚೆಸ್ಟರ್ ಭಾಗದ ಕೊಲಂಬಿಯಾ ಪಾಯಿಂಟ್ ಎಂಬ ಬಡ ವಸತಿಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ತೆರೆದರು. ಅದರ ಬೆನ್ನಿಗೇ ಮಿಸಿಸಿಪ್ಪಿಯ ಮೌಂಡ್ ಬೇಯೂ ಎಂಬ ಕಪ್ಪು ಜನರ ಊರಿನಲ್ಲಿ ಇನ್ನೊಂದು ಕೇಂದ್ರ ಹುಟ್ಟಿತು. ಅಲ್ಲಿ ಮಕ್ಕಳ ಮುಖ್ಯ ರೋಗ ಹಸಿವು ಎಂದು ಕಂಡುಕೊಂಡ ವೈದ್ಯರು ಔಷಧದ ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಬರೆದರು. ಊರಿನ ದಿನಸಿ ಅಂಗಡಿಗಳು ಆ ಚೀಟಿಗೆ ಪದಾರ್ಥ ಕೊಟ್ಟವು. ಬಿಲ್ಲನ್ನು ಕೇಂದ್ರದ ಔಷಧದ ಬಾಬತ್ತಿನಿಂದ ತೀರಿಸಲಾಯಿತು. ಸರ್ಕಾರ ಆಕ್ಷೇಪಿಸಿದಾಗ, ಅಪೌಷ್ಟಿಕತೆಗೆ ಆಹಾರವೇ ಔಷಧವೆಂದು ಗೈಗರ್ ಸಮರ್ಥಿಸಿಕೊಂಡರು. ಅಂಗಡಿ ಮತ್ತು ಕ್ಲಿನಿಕ್ಕಿನ ಸಂಬಂಧ ಅಲ್ಲಿಯೂ ಇತ್ತು, ದಿಕ್ಕು ಮಾತ್ರ ತಿರುವುಮುರುವು. ಇಂದು ದೇಶದಾದ್ಯಂತ ಇರುವ ಫೆಡರಲ್ ಅನುದಾನದ ಸಮುದಾಯ ಕೇಂದ್ರಗಳು ಆ ಎರಡರ ಸಂತಾನ. ಅವುಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ 51 ಪ್ರತಿಶತ ಸದಸ್ಯರು ಅಲ್ಲಿ ಚಿಕಿತ್ಸೆ ಪಡೆಯುವವರೇ ಆಗಿರಬೇಕೆಂಬುದು ಕಾನೂನು. ಶುಲ್ಕ ವರಮಾನಕ್ಕೆ ತಕ್ಕಂತೆ. ಭಾನುವಾರ ಸಂಜೆ ಅವು ಬಹುತೇಕ ಮುಚ್ಚಿರುತ್ತವೆ ಎಂಬ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಅಂಗಡಿಯವನಿಂದ ಅವು ಕಲಿಯಬೇಕಾದದ್ದು ಅದೊಂದನ್ನು.

ಅದೇ ಡಾರ್ಚೆಸ್ಟರಿನಲ್ಲಿ 2024ರ ಆಗಸ್ಟ್ 31ರಂದು ಕಾರ್ನಿ ಆಸ್ಪತ್ರೆ ಮುಚ್ಚಿತು. ಅದರ ಒಡೆತನವಿದ್ದ ಸ್ಟೂವರ್ಡ್ ಎಂಬ ಲಾಭಕೋರ ಸಂಸ್ಥೆ ಆ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಅಗತ್ಯ ಸೇವೆಯನ್ನು ನಿಲ್ಲಿಸುವ ಆಸ್ಪತ್ರೆ 120 ದಿನ ಮೊದಲು ತಿಳಿಸಬೇಕೆಂಬುದು ಮ್ಯಾಸಚೂಸೆಟ್ಸಿನ ನಿಯಮ. ಜನರಿಗೆ ಸಿಕ್ಕಿದ್ದು ಐದು ವಾರ. ಆಸ್ಪತ್ರೆಗೇ ಈ ಗತಿಯಾದರೆ ಅಂಗಡಿಯ ಮೂಲೆಯ ಕೋಣೆಗೆ ನಿಯಮ ಬರೆದು ಪ್ರಯೋಜನವೇನು ಎಂದು ನಿರಾಶರಾಗುವುದು ಸುಲಭ. ಆದರೆ ಆ ಹೊಡೆತದ ನಂತರ ಆ ರಾಜ್ಯ ಕೈಕಟ್ಟಿ ಕೂರಲಿಲ್ಲ. 2025ರ ಜನವರಿಯಲ್ಲಿ ರಾಜ್ಯಪಾಲೆ ಮೌರಾ ಹೀಲಿ ಸಹಿ ಹಾಕಿದ ಕಾನೂನು ಆರೋಗ್ಯ ಕ್ಷೇತ್ರದಲ್ಲಿ ಹಣ ಹೂಡುವ ಬಂಡವಾಳ ಸಂಸ್ಥೆಗಳನ್ನು ರಾಜ್ಯದ ಪರಿಶೀಲನೆಗೆ ಒಳಪಡಿಸಿತು. ಮತ್ತು ರಸ್ತೆಬದಿಯ ಮಳಿಗೆ ಸಾಲುಗಳಲ್ಲಿ ಹರಡಿರುವ ‘ಅರ್ಜೆಂಟ್ ಕೇರ್’ ಕೇಂದ್ರಗಳಿಗೆ ಮೊದಲ ಬಾರಿಗೆ ಪ್ರತ್ಯೇಕ ಪರವಾನಗಿ ಬೇಕೆಂದಿತು. ಅಂಗಡಿ ಕ್ಲಿನಿಕ್ಕಿಗೆ 2008ರಲ್ಲೇ ಇದ್ದ ಪರವಾನಗಿ, ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಕೊಡುವ ಈ ಕೇಂದ್ರಗಳಿಗೆ ಇಷ್ಟು ವರ್ಷ ಇರಲಿಲ್ಲವೆಂಬುದು ಅನೇಕರಿಗೆ ಅಚ್ಚರಿಯ ವಿಷಯ.

ಕಾನೂನು ಬರೆಯುವುದು ಶಾಸಕರು; ಅದರ ಕೆಳಗಿನ ನಿಯಮಗಳನ್ನು ಬರೆಯುವುದು ಇಲಾಖೆ. ಆ ಕರಡು ನಿಯಮಗಳ ಮೇಲೆ ಇಲಾಖೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. 2007ರಲ್ಲಿ ಹಾಗೆ ಕೇಳಿದಾಗ ಬಂದು ಮಾತಾಡಿದವರಲ್ಲಿ ಕಂಪನಿಗಳವರು, ವೈದ್ಯರ ಸಂಘದವರು, ವಿಮೆಯವರು ಎದ್ದು ಕಾಣುತ್ತಿದ್ದರು. ಹೀಗೆ ಅಭಿಪ್ರಾಯ ಬರೆಯಲು ಪೌರತ್ವ ಬೇಕಾಗಿಲ್ಲ, ಗ್ರೀನ್ ಕಾರ್ಡೂ ಬೇಕಾಗಿಲ್ಲ. ಮತದ ಹಕ್ಕಿಲ್ಲದೆ ಹತ್ತು ಹದಿನೈದು ವರ್ಷ ಸರದಿಯಲ್ಲಿ ಕಾಯುತ್ತಿರುವ ಕನ್ನಡಿಗರಿಗೆ ಈ ದೇಶದ ಪ್ರಭುತ್ವದೊಡನೆ ಮಾತಾಡಲು ತೆರೆದಿರುವ ಕೆಲವೇ ಕಿಂಡಿಗಳಲ್ಲಿ ಇದೊಂದು. ಒಂದು ಪುಟದ ಪತ್ರ ಸಾಕು. ಮೆಡಿಕೇಡ್ ಕಾರ್ಡಿನವರನ್ನು, ವಿಮೆಯೇ ಇಲ್ಲದ ಪ್ರವಾಸಿ ತಾಯ್ತಂದೆಯರನ್ನು ಹಿಂದಕ್ಕೆ ಕಳುಹಿಸಬಾರದೆಂಬ ಷರತ್ತು ಪರವಾನಗಿಯಲ್ಲಿ ಇದೆಯೆ? ಶ್ರೀಮಂತ ಉಪನಗರದಲ್ಲಿ ಐದು ಕ್ಲಿನಿಕ್ಕು ತೆರೆಯುವ ಕಂಪನಿ ವೈದ್ಯರಿಲ್ಲದ ಬಡಾವಣೆಯಲ್ಲಿ ಒಂದನ್ನಾದರೂ ತೆರೆಯಬೇಕೆ? ಮುಚ್ಚುವ ಮೊದಲು ಎಷ್ಟು ದಿನದ ಸೂಚನೆ, ರೋಗಿಗಳ ದಾಖಲೆ ಯಾರ ಕೈಗೆ? ದರಪಟ್ಟಿ ಗೋಡೆಯ ಮೇಲೆ ಉಳಿಯುತ್ತದೆಯೆ? ಇಷ್ಟನ್ನು ಕೇಳಿ, ಕೆಳಗೆ ಹೆಸರು ಮತ್ತು ಊರು ಬರೆದು ಕಳುಹಿಸಬಹುದು.